ಇನ್ನೆರಡು ಹೊಳೆಯೋ ಕೋಟು

ಅಮ್ಮಾ,

ಕತ್ತಲಲ್ಲಿ ಗಾಡಿಯವರಿಗೆ ಕಾಣ್ಲಿ ಅಂತ ನೀನು ಹೊಳೆಯೋ ಪಟ್ಟಿ ಹಾಕಿ ಹೊಲಿದ ಕೋಟು ನಮ್ಮ ನಾಯಿ ಗುಂಡನಿಗೆ ಮೈಗಂಟಿದ ಹಾಗೆ ಕೂತಿದೆ. ನಾನೇ ಪೆದ್ದಿ, ಮೊನ್ನೆ ರಾತ್ರಿ ಕಪ್ಪು ಸ್ವೆಟರ್ ಹಾಕ್ಕೊಂಡು ಅವನನ್ನ ಸುತ್ತಾಡಿಸೋಕೆ ಹೋಗಿದ್ದೆ. ಖಾಲಿ ಬಸ್ಸಿನ ಡ್ರೈವರ್ ಒಬ್ಬರಿಗೆ ಗುಂಡ ಮಾತ್ರ ಕಂಡಿದ್ದಾನೆ. ತಪ್ಪಿಸಿಕೊಂಡ ನಾಯಿ ಅಂದ್ಕೊಂಡು, ಬಸ್ ನಿಲ್ಲಿಸಿ ಹಿಡಿಯೋಕೆ ಬಂದರು. ಹಗ್ಗದ ಈ ತುದಿಯಿಂದ ನಾನು "ಬಿಡ್ರೀ, ನಾನಿದ್ದೀನಿ!" ಅಂದಾಗ ಹೌಹಾರಿಬಿಟ್ಟರು.

ಈಗ ದಿನಾ ಡ್ಯೂಟಿ ಮುಗಿಸಿ, ಟಾರ್ಚ್ ಹಿಡಿದು ನಮ್ಮ ಜೊತೆ ಬರ್ತಾರೆ. ಗುಂಡ ಅವರನ್ನ ನನಗಿಂತ ಮೊದಲೇ ಒಪ್ಪಿಬಿಟ್ಟ.

ಇನ್ನೆರಡು ಕೋಟು ಹೊಲಿದು ಕಳಿಸು. ನನ್ನ ಅಳತೆ ನಿನಗೆ ಗೊತ್ತು. ಇನ್ನೊಂದಕ್ಕೆ ಎದೆ ನಲವತ್ತೆರಡು, ತೋಳು ಉದ್ದ. ಯಾರ ಅಳತೆ ಅಂತ ಅಪ್ಪ ಕೇಳಿದರೆ, ಸದ್ಯಕ್ಕೆ ನಾಯಿದು ಅಂತ್ಲೇ ಹೇಳು.

ನಿನ್ನ ಮಗಳು