ಫ್ಲಾಸ್ಕ್ ನನ್ನ ಕೈಯಲ್ಲಿ

ಜೂನ್ ೧೪, ಭಾನುವಾರ

ಸಾಕಾಗಿಹೋಗಿದೆ. ಮಗಳು ಅಬ್ರಿಲ್ ಮುಖಕ್ಕೆ ನಾನೇ ಬಿಸಿನೀರು ಸುರಿದ ಹಾಗೆ ಇವತ್ತೂ ಕಣ್ಣಿಗೆ ಕಟ್ಟಿತು. ಈ ಭಯಕ್ಕೇ ಮೂರು ತಿಂಗಳಿಂದ ಫ್ಲಾಸ್ಕಿನ ಬಿಸಿನೀರು ಹಾಕಿ ಒಂದೇ ಬಟ್ಟಲಲ್ಲಿ ಸುತ್ತು ಸುತ್ತಾಗಿ ಎಲ್ಲರಿಗೂ ಕೊಡೋ ಮಾಟೆ ಚಹಾ ಬಗ್ಗಿಸೋದನ್ನ ಗಂಡನಿಗೆ ಬಿಟ್ಟಿದ್ದೆ.

ಮನಸ್ಸಿನ ಡಾಕ್ಟರ್ ಸುಲೇಮಾ ಹೇಳಿದ್ದರು: "ಚಿತ್ರ ಬಂದ್ರೆ ಬರಲಿ, ಓಡಿಸ್ಬೇಡಿ. ಅದು ನಿಮ್ಮ ಆಸೆ ಅಲ್ಲ, ಭಯ. ಫ್ಲಾಸ್ಕ್ ಮಾತ್ರ ಕೆಳಗಿಡ್ಬೇಡಿ."

ಸಂಜೆ ಸಾಲ್ತೊ ಊರಿಂದ ಅತ್ತೆ ಬಂದರು. ಮಗು ಅವರ ಮಡಿಲಲ್ಲಿತ್ತು. ಆದರೂ ಫ್ಲಾಸ್ಕ್ ಎತ್ತಿಕೊಂಡು ನಾನೇ ಬಗ್ಗಿಸಿ ಕೊಟ್ಟೆ.

"ಇಷ್ಟು ದಿನ ಬಂದಾಗೆಲ್ಲ ನನ್ನ ಮಗನ ಕೈಯ ಕಲಗಚ್ಚು ಕುಡಿಸಿದೆಯಲ್ಲೇ!" ಅಂದರು.

ನಮ್ಮಲ್ಲಿ ಕುಡಿದು ಸಾಕಾದವರು ಥ್ಯಾಂಕ್ಸ್ ಅಂತಾರೆ, ಆಮೇಲೆ ಅವರಿಗೆ ಬಗ್ಗಿಸೋದಿಲ್ಲ. ಅತ್ತೆ ಥ್ಯಾಂಕ್ಸ್ ಅನ್ನಲೇ ಇಲ್ಲ. ಆ ಚಿತ್ರವೂ ಅನ್ನಲಿಲ್ಲ, ಪ್ರತಿ ಸುತ್ತಿಗೂ ಬಂದು ಎದುರಿಗೇ ಕೂತಿತು. ಕೂತಿರಲಿ ಅಂತ ಫ್ಲಾಸ್ಕ್ ಖಾಲಿಯಾಗುವವರೆಗೂ ಬಗ್ಗಿಸಿದೆ.