ಬಿಚ್ಚಿದ ಎಮ್ಮೆಗಳು

ಜೂನ್ ೧೮, ಮಂಗಳವಾರ

ಸೊಂಟ ಬಿದ್ದುಹೋಗಿದೆ. ಮಧ್ಯಾಹ್ನ ಮಳೆ ಸುರಿದಾಗ ನಾನು ಮೊದಲು ಓಡಿದ್ದು ಎಮ್ಮೆಗಳ ಹಗ್ಗ ಬಿಚ್ಚಲು. ಬೆಟ್ಟದ ಮೇಲಿನ ನನ್ನ ತವರಲ್ಲಿ ಹಾಗೆಯೇ. ಗುಡ್ಡ ಜರಿಯುವ ಮೊದಲು ದನ ಬಿಚ್ಚಿ ಮನೆಯಿಂದ ಹೊರಬೀಳಬೇಕು. ಈ ಹೊಳೆ ಬಯಲಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಕೈಗೆ ಬುದ್ಧಿ ಬಂದಿಲ್ಲ.

ಅತ್ತೆ ಆಗ ಬಿತ್ತನೆ ಭತ್ತವನ್ನು ಅಟ್ಟಕ್ಕೆ ಏರಿಸುತ್ತಿದ್ದರು. ನಾನು ಅವರನ್ನು ಬಾಗಿಲಿಗೆ ಎಳೆದೆ, ಅವರು ನನ್ನನ್ನು ಏಣಿಗೆ ಎಳೆದರು. ಅಷ್ಟರಲ್ಲಿ ಎಮ್ಮೆಗಳು ಪಕ್ಕದವರ ಸಸಿಮಡಿ ತುಳಿದು ರಾಡಿ ಎಬ್ಬಿಸಿದವು. ಬದುಕಿದ ಸಸಿಗಳನ್ನು ಇಬ್ಬರೂ ಸಂಜೆಯವರೆಗೆ ಬಗ್ಗಿ ಬಗ್ಗಿ ನೆಟ್ಟೆವು.

"ಇಲ್ಲಿ ಮೇಲಿಂದ ಬೀಳೋಕೆ ಏನಿದೆಯೇ? ನಮ್ಮಲ್ಲಿ ಮನೆಗೆ ನುಗ್ಗೋದು ಹೊಳೆ ಕಣೇ," ಎಂದರು ಅತ್ತೆ. ಬೈಯಲೂ ಅವರಿಗೆ ತ್ರಾಣವಿರಲಿಲ್ಲ.

ಊಟದ ಹೊತ್ತಿಗೆ ಯಜಮಾನರ ಫೋನು, ಅವರು ದುಡಿಯುವ ಒಣ ಬಯಲುಸೀಮೆಯ ಕಲ್ಲು ಕ್ವಾರಿಯಿಂದ. "ಮಳೆಯಂತಲ್ಲ? ಪುಣ್ಯವಂತರಪ್ಪ ನೀವು! ಇಲ್ಲಿ ಕುಡಿಯೋ ನೀರಿಗೂ ಟ್ಯಾಂಕರ್ ಕಾಯ್ಬೇಕು." ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು.

ಮತ್ತೆ ಗುಡುಗುತ್ತಿದೆ. ಎಮ್ಮೆಗಳ ಹಗ್ಗಕ್ಕೆ ಎರಡೆರಡು ಗಂಟು ಹಾಕಿ, ಅತ್ತೆ ಏಣಿಯ ಬುಡದಲ್ಲಿ ಹಾಸಿಕೊಂಡಿದ್ದಾರೆ. ನಾನು ಬಾಗಿಲ ಪಕ್ಕ. ಮಳೆ ಜೋರಾದರೆ ಯಾರು ಯಾರನ್ನು ಎಳೆಯುತ್ತೇವೋ, ನೋಡಬೇಕು.