ಗೋಡೆಗೆ ಹಾಕಿದ ಪರದೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದ.

ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ಗಾಬರಿಯಾಗಬೇಡ. ಅಮ್ಮನಿಗೆ ಜ್ವರಗಿರ ಏನೂ ಇಲ್ಲ. ಬಲಗೈಯ ಎರಡು ಉಗುರು ಕಿತ್ತುಹೋಗಿವೆ, ಅಷ್ಟೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಕೂತಿರುತ್ತಾಳೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗದ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಪ್ರದರ್ಶನ ನೋಡಿ ಬಂದಮೇಲೆ ಶುರುವಾದದ್ದು ಇದು. ನಮ್ಮ ಮನೆಯ ಹಳೆ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ನೀನು ಮಾಡಿದ ಚಿತ್ರ ಆ ಕತ್ತಲೆ ಕೋಣೆಯ ತುಂಬ ಓಡುತ್ತಿತ್ತು. ನಡುಮನೆ, ಅಪ್ಪನ ಕುರ್ಚಿ, ನನ್ನ ಹೊಲಿಗೆ ಮಿಶನ್ನು, ನಾವೇ ಒಳಗೆ ನಡೆದುಹೋದ ಹಾಗೆ. ಕುರ್ಚಿಯ ಹಿಂದಿನ ಗೋಡೆಯಲ್ಲಿ ಮಾತ್ರ ಒಂದು ಹಸಿರು ಬಾಗಿಲು. ನಮ್ಮಲ್ಲಿ ಅಲ್ಲಿ ಬಾಗಿಲೇ ಇಲ್ಲವಲ್ಲ ಎಂದು ನಿನ್ನ ಕಿವಿಯಲ್ಲಿ ಕೇಳಿದೆ. ನೀನು ನಕ್ಕೆ. ಯಾವ ಫೋಟೋದಲ್ಲೂ ಆ ಮೂಲೆ ಇರಲಿಲ್ಲ, ಗೊತ್ತಿಲ್ಲ ಅನ್ನಲು ಯಂತ್ರಕ್ಕೆ ಬರುವುದಿಲ್ಲ, ತೋಚಿದ್ದನ್ನು ತುಂಬಿಬಿಟ್ಟಿದೆ ಎಂದೆ. ನಾವು ಎಷ್ಟು ಸಲೀಸಾಗಿ ನಂಬುತ್ತೇವೆಂದು ಜನಕ್ಕೆ ಗೊತ್ತಾಗಲಿ ಅಂತ ಬೇಕೆಂದೇ ಹಾಗೆ ಬಿಟ್ಟೆಯಂತೆ. ಒಳ್ಳೆಯ ಉಪಾಯವೇ ಪುಟ್ಟಿ. ಆದರೆ ಆ ಸುಳ್ಳನ್ನು ಹಿಡಿಯಬಲ್ಲವರು ಈ ಮನೆಯಲ್ಲಿ ಬದುಕಿದ ನಾವು ಮೂವರೇ. ಅದರಲ್ಲಿ ಒಬ್ಬಳು ನಂಬಿಬಿಟ್ಟಳು.

ಅಮ್ಮ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಆ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರಿದಳು. "ಯಾಕೇ ಮುಚ್ಚಿಸ್ದೆ? ನಿಮ್ಮಪ್ಪ ಆ ಕಡೆ ಇದ್ದಾರಲ್ಲೇ" ಅಂದಳು. ಅಪ್ಪ ಸತ್ತಿದ್ದು ಅವಳಿಗೆ ಗೊತ್ತಿಲ್ಲವೆಂದಲ್ಲ. ಬೇರೆಲ್ಲದರಲ್ಲೂ ಅವಳು ಚುರುಕೇ, ನಿನ್ನೆ ಸಾರಿಗೆ ಉಪ್ಪು ಮರೆತದ್ದಕ್ಕೆ ನನ್ನನ್ನು ಆಡಿಕೊಂಡಳು. ಆ ಗೋಡೆಯಾಚೆ ಇರುವುದು ಪಕ್ಕದ ಮನೆಯವರ ಬಚ್ಚಲು. ಅವರು ನಲ್ಲಿ ಬಿಟ್ಟರೆ ಸಾಕು, ಅಮ್ಮ ಕಿವಿಗೊಟ್ಟು, "ಮುಖ ತೊಳೀತಿದ್ದಾರೆ" ಅನ್ನುತ್ತಾಳೆ. ಕೆರೆದು ಕೆರೆದು ಗಾರೆ ಉದುರಿತು, ಉಗುರೂ ಹೋಯಿತು.

ನನ್ನ ಬುದ್ಧಿಗೆ ಏನು ಹೇಳಲಿ. ಪರದೆ ಹೊಲಿದು ಬದುಕುವವಳಿಗೆ ಎಲ್ಲ ರೋಗಕ್ಕೂ ಪರದೆಯೇ ಮದ್ದು. ಕಣ್ಣಿಗೆ ಬೀಳದಿದ್ದರೆ ಮರೆಯುತ್ತಾಳೆಂದು ಬೂದು ಬಟ್ಟೆಯಲ್ಲಿ ಉದ್ದ ಪರದೆ ಹೊಲಿದು, ಮೊಳೆ ಹೊಡೆದು, ಅಲ್ಲಿ ತೂಗುಹಾಕಿದೆ. ಕೆರೆಯುವುದೇನೋ ನಿಂತಿತು. ಆದರೆ ಬಾಗಿಲು ಇದೆಯೆಂದು ನಾನೇ ಒಪ್ಪಿಕೊಂಡ ಹಾಗಾಯಿತು ನೋಡು. ಈಗ ಅಪ್ಪನ ಕುರ್ಚಿಯನ್ನು ಅದರ ಎದುರಿಗೆ ಎಳೆದುಕೊಂಡು ಕೂರುತ್ತಾಳೆ. ಊಟಕ್ಕೆ ಕರೆದರೆ "ತಾಳು, ಅವರೂ ಬರಲಿ" ಅನ್ನುತ್ತಾಳೆ. ಮೊನ್ನೆ ಕಿಟಕಿಯ ಅಳತೆ ಕೊಡಲು ಬಂದ ಗಿರಾಕಿ ಹೆಂಗಸು, ಪರದೆಯ ಹಿಂದೆ ಯಾರೋ ಮಲಗಿದ್ದಾರೆಂದುಕೊಂಡು ಪಿಸುಮಾತಿನಲ್ಲೇ ಮಾತಾಡಿದಳು. ಅದು ಬರೀ ಗೋಡೆ ಎನ್ನಬೇಕಿತ್ತು. ನಾನೂ ಪಿಸುಗುಟ್ಟಿದೆ.

ಇಷ್ಟಾದರೂ ತಡೆದುಕೊಂಡಿದ್ದೆ. ನಿನ್ನೆ ನೀನು ಫೋನಿನಲ್ಲಿ, "ಅಕ್ಕಾ, ನಾವು ಚಿಕ್ಕೋರಿದ್ದಾಗ ಅಲ್ಲಿ ಬಾಗಿಲು ಇರ್ಲೇ ಇಲ್ವಾ?" ಎಂದೆಯಲ್ಲ, ಅದಕ್ಕೇ ಈ ಕಾಗದ ಬರೆಯಲು ಕೂತೆ. ದಿನವೆಲ್ಲ ಆ ಚಿತ್ರ ನೋಡಿ ನೋಡಿ ನಿನಗೂ ಹೀಗಾಯಿತೆ? ಇರಲಿಲ್ಲ ಕಣೇ. ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಅಪ್ಪ ಸೀಸದಕಡ್ಡಿಯಲ್ಲಿ ನಮ್ಮ ಎತ್ತರ ಗೀಚುತ್ತಿದ್ದರು. ನೀನು ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದೆ. ಬಣ್ಣ ಬಳಿಸಿದಾಗ ಆ ಗೆರೆಗಳು ಹೋದವು. ಈಗ ಅದಕ್ಕೆ ಸಾಕ್ಷಿ ನಾನೊಬ್ಬಳೇ, ನನ್ನ ತಲೆಯನ್ನು ನಾನು ಎಷ್ಟೆಂದು ನಂಬಲಿ?

ಚಿತ್ರವನ್ನು ಅಳಿಸು ಎನ್ನುವುದಿಲ್ಲ, ಅದು ನಿನ್ನ ದುಡಿಮೆ. ಒಂದು ದಿನಕ್ಕೆ ಬಂದುಹೋಗು. ಅಮ್ಮನ ಕೈ ಹಿಡಿದು ಗೋಡೆಯ ಮೇಲಿಟ್ಟು, ಆ ಬಾಗಿಲು ಸುಳ್ಳು ಎಂದು ಹೇಳು. ನನ್ನ ಮಾತು ಅವಳ ಕಿವಿಗೆ ಹೋಗುವುದಿಲ್ಲ. ತೋರಿಸಿದವಳು ನೀನು, ನಿನ್ನ ಮಾತು ಕೇಳಿಯಾಳು. ಬೇಗ ಬಾ. ನನಗಿನ್ನೂ ಖಾತ್ರಿ ಇರುವಾಗಲೇ ಬಾ.

ನಿನ್ನ
ಅಕ್ಕ

ತಾ.ಕ.: ಪರದೆ ನೆಲಕ್ಕೆ ತಾಗುತ್ತದೆ, ಅವರು ಬಂದು ನಿಂತರೆ ಕಾಲು ಕಾಣುವುದಿಲ್ಲ ಎಂದು ಅಮ್ಮ ನನ್ನನ್ನು ಗೋಳು ಹೊಯ್ದುಕೊಂಡಳು. ಬೆಳಿಗ್ಗೆ ಒಂದು ಗೇಣು ಕತ್ತರಿಸಿ, ಅಂಚು ಮಡಿಸಿ ಹೊಲಿದೆ. ಅವಳ ಸಮಾಧಾನಕ್ಕೆ ಮಾಡಿದ್ದು. ಈಗ ಅವಳು ಒಳಗೆ ನಿದ್ದೆ ಹೋಗಿದ್ದಾಳೆ. ಪರದೆಯ ಕೆಳಗೆ ನೋಡುತ್ತ ಕೂತಿರುವವಳು ನಾನು.